ಆಡುವ ಸ್ಥಾನ

ಅರ್ಜಿಯಲ್ಲಿ ಎಲ್ಲ ತುಂಬಿದ್ದೇನೆ.
ಹೆಸರು ಇಂಪನ ಪಿ. ವಯಸ್ಸು ಆರೂವರೆ.
ರಕ್ತದ ಗುಂಪು ಗೊತ್ತಿರಲಿಲ್ಲ, ಮೊನ್ನೆ
ಓಲ್ಡ್ ಟೌನಿನ ಲ್ಯಾಬಿನಲ್ಲಿ ಬೆರಳು ಚುಚ್ಚಿಸಿಕೊಂಡು ಬಂದೆವು,
ಅತ್ತದ್ದಕ್ಕೆ ಒಂದು ಕಡ್ಲೆಮಿಠಾಯಿ.
‘ಆಡುವ ಸ್ಥಾನ’ ಎಂಬಲ್ಲಿಗೆ ಬಂದು
ಪೆನ್ನು ನಿಂತಿದೆ.

ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಅವಳಿಗೆ ಸ್ಥಾನವಿಲ್ಲ,
ಚೆಂಡು ಎಲ್ಲೋ ಅಲ್ಲಿ ಅವಳು.
ಎರಡು ಹವಾಯಿ ಚಪ್ಪಲಿ ಸೇರಿ ಒಂದು ಗೋಲು,
ಇನ್ನೊಂದು, ಕೆಟ್ಟು ನಿಂತ ಲೂನಾಕ್ಕೂ ನಲ್ಲಿಗೂ ನಡುವೆ.
ಸಬೀರಾಬಿ ಅಂಗಳಕ್ಕೆ ಹೋದರೆ ಒದ್ದವರೇ ತರಬೇಕು,
ಸಣ್ಣವರು ಅತ್ತರೆ ಇನ್ನೊಂದು ಸಲ ಒದೆಯಬಹುದು,
ನೀರು ಬಂದರೆ ಆಟ ಮುಗೀತು.
ಎಷ್ಟಕ್ಕೆ ಎಷ್ಟು ಎಂದು ಕೇಳಿದರೆ
ಒಬ್ಬೊಬ್ಬರದು ಒಂದೊಂದು ಲೆಕ್ಕ.

ಆಯ್ಕೆಯ ದಿನ ನ್ಯೂಟೌನ್ ಮೈದಾನದಲ್ಲಿ
ಆರೋಗ್ಯಸ್ವಾಮಿ ಸರ್ ಸೀಟಿ ಊದಿದರು.
ಕೆಂಪು ಕೋನುಗಳ ನಡುವೆ ಹಾವು ಹರಿದ ಹಾಗೆ
ಚೆಂಡು ನಡೆಸಬೇಕು, ಅವರ ಕೈಯಲ್ಲಿ ಗಡಿಯಾರ.
ಮೂರನೇ ಕೋನು ಉರುಳಿತು.
ಇವಳು ಚೆಂಡು ಬಿಟ್ಟು ಹಿಂದೆ ಹೋಗಿ
ಅದನ್ನು ಎತ್ತಿ ನಿಲ್ಲಿಸಿ, ಲಂಗದಲ್ಲಿ ಧೂಳು ಒರೆಸಿ
ಮತ್ತೆ ಓಡಿದಳು.
ಸರ್ ನಕ್ಕರು. ನಕ್ಕು ಏನೋ ಬರೆದುಕೊಂಡರು.
ಏನು ಬರೆದರೋ ಎಂದು
ಮೂರು ರಾತ್ರಿ ಮಗ್ಗುಲು ಬದಲಿಸಿದ್ದೇನೆ.

‘ಕಾಲಲ್ಲಿ ಏನೋ ಇದೆ ಮೇಡಂ.
ಎಂಟಾದ್ರೆ ತಡ.’
ಎಂಟಕ್ಕೇ ತಡವೇ?
ಗಡಿಯಾರ ನೋಡಲು ನಾನು ಕಲಿತದ್ದೇ
ಎಂಟರಲ್ಲಿ.

ಪಾಲಾಕ್ಷ ಬೇಡ ಅನ್ನುತ್ತಾರೆ.
ಕಾರ್ಖಾನೆ ಟೀಮಿಗೆ ಎಡಗಡೆ ಆಡಿದವರು,
ಉಂಡು ನೆಲದಿಂದ ಏಳುವಾಗ ಮಂಡಿ ಲಟಕ್ ಎನ್ನುತ್ತದೆ,
ನಾವು ಯಾರೂ ತಿರುಗಿ ನೋಡುವುದಿಲ್ಲ.
‘ಮೂಳೆ ಇನ್ನೂ ಹಸಿ. ಬೀದೀಲಿ ಒದ್ಕೊಂಡಿರ್ಲಿ.
ಗೆಲ್ಲೋದನ್ನ ಈಗಲೇ ಯಾಕೆ ಕಲೀಬೇಕು?’
ಆಡಿದವರು ಬೇಡ ಅನ್ನುತ್ತಾರೆ,
ಒಂದು ದಿನವೂ ಆಡದ ನಾನು ಬೇಕು ಅನ್ನುತ್ತೇನೆ.
ಇದರಲ್ಲೇ ಏನೋ ಇದೆ, ಕೆದಕಲು ಹೆದರಿಕೆ.

ಕೆದಕಿದರೆ, ಹೊಸಮನೆ ಶಾಲೆಯ ಹಿಂದಿನ ಬಯಲು.
ಹುಡುಗರ ಸ್ವೆಟರಿನ ರಾಶಿ ಕಾಯುತ್ತ ಕೂತವಳು ನಾನು.
ಒಮ್ಮೆ ಚೆಂಡು ನನ್ನ ಕಾಲ ಬಳಿಗೇ ಬಂತು.
ಒದೆಯಲಿಲ್ಲ. ಎತ್ತಿ ಕೊಟ್ಟೆ,
ಎರಡೂ ಕೈಯಲ್ಲಿ, ತಾಂಬೂಲ ಕೊಟ್ಟ ಹಾಗೆ.
ಇಪ್ಪತ್ತೈದು ವರ್ಷದಿಂದ ಆ ಚೆಂಡು
ಒದೆಸಿಕೊಳ್ಳದೆ ಹಾಗೇ ಬಿದ್ದಿದೆ.
ಅದನ್ನು ತಂದು ಮಗಳ ಕಾಲಿಗೆ
ಕಟ್ಟಬಹುದೇ?

ಫೀಸು ಮೂರೂವರೆ ಸಾವಿರ, ಬೂಟು ಬೇರೆ.
‘ಒಂದಳತೆ ದೊಡ್ಡದೇ ತಗೊಳ್ಳಿ, ತುದಿಗೆ ಹತ್ತಿ ತುರುಕಿ,
ಬೂಟಿಗೆ ತಕ್ಕ ಹಾಗೆ ಬೆಳೀತಾರೆ ಮಕ್ಕಳು,’
ಅಂಗಡಿಯವನು ನೂರು ಸಲ ಹೇಳಿದ ಮಾತು,
ನನಗೆ ಮಾತ್ರ ಎದೆಗೆ ನಾಟಿತು.

ಭಾನುವಾರ ತರೀಕೆರೆ, ಕಡೂರು, ದಾವಣಗೆರೆ,
ಬೆಳಗಿನ ಐದಕ್ಕೆ ವ್ಯಾನು.
ಗೆರೆಯಾಚೆ ನಿಲ್ಲುವ ಅಪ್ಪಂದಿರನ್ನು ಕಂಡಿದ್ದೇನೆ:
ಏಳರ ಹುಡುಗನಿಗೆ ‘ಬಿಡಬೇಡ, ಉರುಳಿಸು’ ಎಂದು
ಕತ್ತಿನ ನರ ಉಬ್ಬಿಸಿದವನು
ವಿರಾಮದಲ್ಲಿ ಅದೇ ಹುಡುಗನಿಗೆ
ಕಿತ್ತಳೆಯ ಬೀಜ ತೆಗೆದು ತಿನ್ನಿಸುತ್ತಿದ್ದ.
ಆ ಗೆರೆಯ ಬಳಿ ನಾನು ಯಾವ ಅಮ್ಮ ಆಗುತ್ತೇನೋ
ನನಗೇ ಗೊತ್ತಿಲ್ಲ.

ಕೊನೆಗೆ ತಲೆ ಬಾಚುತ್ತ ಅವಳನ್ನೇ ಕೇಳಿದೆ.
ಹೋಗ್ತೀಯಾ?
ಹ್ಞೂಂ.
ಸೋತ್ರೆ?
ಯೋಚಿಸಿದಳು. ಬಾಚಣಿಗೆ ಕಾದಿತು.
‘ಸೋತೋರಿಗೂ ವ್ಯಾನಲ್ಲಿ
ಕಿಟಕಿ ಹತ್ರ ಸೀಟು ಕೊಡ್ತಾರಾ?’

ಕೇಳಿ ಹೇಳ್ತೀನಿ, ಅಂದೆ.

ನಾಳೆ ಶನಿವಾರ, ಕೊನೆಯ ದಿನ.
ಅರ್ಜಿ ಅಕ್ಕಿ ಡಬ್ಬದ ಕೆಳಗಿದೆ.
ಹೊರಗೆ ನಲ್ಲಿ ಕೆಮ್ಮಿತು, ನೀರು ಬಂತು,
ಕೊಡಗಳು ಓಡಿದವು,
ಯಾರೋ ಹವಾಯಿ ಚಪ್ಪಲಿ ಮೆಟ್ಟಿಕೊಂಡರು,
ಒಂದು ಗೋಲು ಎದ್ದು
ಮನೆಯ ಕಡೆ ನಡೆಯಿತು.